ಮಂಜಿಗೆ ಮಾಡಿಸಿದ ಯುದ್ಧವಿಮೆ

ದೂಮಪ್ಪ ಸಾಹುಕಾರರ ಮಂಜಿ, ಅಂದರೆ ಸರಕಿನ ಹಾಯಿಹಡಗು, ಹೆಂಚು ಹೇರಿಕೊಂಡು ಬಂದರಿನ ಧಕ್ಕೆಯ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಕಡಲಲ್ಲಿ ಯುದ್ಧ ಶುರುವಾಗಿತ್ತು. ವಿಮೆಯವರು, "ಬಿರುಗಾಳಿಗಾದರೆ ನಾವು ಹೊಣೆ, ಫಿರಂಗಿಗಲ್ಲ" ಎಂದು ಕೈಚೆಲ್ಲಿದ್ದರು. ಕೊನೆಗೆ ಸರ್ಕಾರವೇ, "ಯುದ್ಧದ ನಷ್ಟ ನಾವು ತುಂಬಿಕೊಡುತ್ತೇವೆ, ವ್ಯಾಪಾರ ನಿಲ್ಲಬಾರದು" ಎಂದಿತು.

ಮಂಜಿ ಹಿಗ್ಗಿಹೋಯಿತು. "ಗೂಟಣ್ಣ, ಹಗ್ಗ ಬಿಡು. ಸರ್ಕಾರವೇ ಬೆನ್ನಿಗಿರುವಾಗ ಯಾವ ಫಿರಂಗಿ ನನ್ನನ್ನು ಮುಟ್ಟೀತು?"

"ಆ ವಿಷಯ ಫಿರಂಗಿಗೆ ಯಾರಾದರೂ ತಿಳಿಸಿದ್ದಾರೆಯೇ?" ಎಂದು ಗೂಟ ಕೇಳಿತು.

"ನಿಂತಲ್ಲೇ ನಿಂತವನು ನೀನು. ನಿನಗೇನು ಗೊತ್ತು?"

ಹೊರಡುವ ಮುನ್ನ ಮಂಜಿಯ ಮುಂದೆ ತೆಂಗಿನಕಾಯಿ ಒಡೆಯುವುದು ವಾಡಿಕೆ. ಸಾಹುಕಾರರು, "ಸರ್ಕಾರ ಇರುವಾಗ ಇದೇಕೆ ದಂಡ?" ಎಂದು ಕಾಯಿಯನ್ನು ಸಾರಿಗೆಂದು ಮನೆಗೆ ಕಳಿಸಿದರು.

ಕಡಲಿಗಿಳಿದ ಮಂಜಿ ಫಿರಂಗಿಯ ಒಂದೇ ಗುಂಡಿಗೆ ಮುಳುಗಿತು. ಖಲಾಸಿಗಳು ಹೇಗೋ ಈಜಿ ದಡ ಸೇರಿದರು. ಸರ್ಕಾರ ನಷ್ಟ ತುಂಬಿಕೊಟ್ಟಿತು. ಸಾಹುಕಾರರು ಹೊಸ ಮಂಜಿ ಕಟ್ಟಿಸಿ, ಅದಕ್ಕೆ ಹಳೆಯದರ ಹೆಸರನ್ನೇ ಬರೆಸಿದರು.

ಹೊಸ ಮಂಜಿ ಅದೇ ಗೂಟದ ಬಳಿ ಬಂದು ನಿಂತಿತು. "ಗೂಟಣ್ಣ, ನನಗೆ ಯಾವ ಭಯವೂ ಇಲ್ಲ. ಸರ್ಕಾರ ಮಾತು ಕೊಟ್ಟಿದೆ."

"ಸರ್ಕಾರ ಮಾತಿಗೆ ತಪ್ಪುವುದಿಲ್ಲ ಬಿಡು," ಎಂದಿತು ಗೂಟ. "ನಿನ್ನನ್ನು ನೋಡಿದರೇ ಗೊತ್ತಾಗುತ್ತದೆ."