ಬಲೆ ಬೀಸುವ ತೋಳು

“ಚೆಂಡು ಎಸೆಯುವ ಮಕ್ಕಳ ತೋಳಿಗೆ ಬೇಗ ಬಲ ಬರಬೇಕಾದರೆ ಏನು ಮಾಡಬೇಕು, ಗುರುಗಳೇ?” ಎಂದು ಪಾಲಾಕ್ಷ ಕೇಳಿದ.

ಅವನು ಒಂದು ಶಾಲೆಯಲ್ಲಿ ಬೇಸ್‌ಬಾಲ್ ಕಲಿಸುತ್ತಿದ್ದ. ಮಕ್ಕಳಿಗೆ ಹನ್ನೊಂದು, ಹನ್ನೆರಡು ವರ್ಷ. ಪಂದ್ಯಕ್ಕೆ ಎರಡು ತಿಂಗಳು ಉಳಿದಿತ್ತು. ದಿನಕ್ಕೆ ಅರವತ್ತು ಎಸೆತ ಎಸೆಸುತ್ತಿದ್ದೇನೆ, ಅದನ್ನು ನೂರಕ್ಕೆ ಏರಿಸಬಹುದೇ, ತೂಕದ ಚೆಂಡು ಕೊಡಬಹುದೇ ಎಂದೂ ಕೇಳಿದ. ಗುರುಗಳು ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಹರಿಗೋಲಿನಲ್ಲಿ ನಿಂತು ಬೀಸುಬಲೆ ಎಸೆಯುವುದು ಅವನ ಕಸುಬು. ಆ ಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡು ಕಟ್ಟಿರುತ್ತಾರೆ. ಬೀಸಿದಾಗ ಬಲೆ ಆ ಭಾರಕ್ಕೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ, ಮುಳುಗಿ ಮೀನನ್ನು ಮುಚ್ಚುತ್ತದೆ. ನಲವತ್ತು ತುಂಬುವ ಮೊದಲೇ ಬೆಸ್ತನ ಬಲ ಭುಜ ಸೋತಿತು. ತುತ್ತು ಎತ್ತಲು ಆಗುತ್ತಿತ್ತು, ಬಲೆ ಎತ್ತಲು ಆಗುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಅವನ ತಾಯಿ ಮತ್ತು ಹನ್ನೊಂದು ವರ್ಷದ ಮಗಳು. ಇನ್ನು ಬಲೆ ಬೀಸಬೇಕಾದವಳು ಮಗಳೇ.

ಅವನು ಕೆಟ್ಟ ತಂದೆಯಲ್ಲ. ಮಗಳನ್ನು ನೇರವಾಗಿ ಹೊಳೆಗೆ ಇಳಿಸಲಿಲ್ಲ. ಚಿಕ್ಕದೊಂದು ಹಳೆಯ ಬಲೆಯ ಅರ್ಧಕ್ಕಿಂತ ಹೆಚ್ಚು ಗುಂಡುಗಳನ್ನು ಬಿಚ್ಚಿ, ಅದನ್ನು ಮರಳಿನ ಮೇಲೆ ಬೀಸಲು ಕಲಿಸಿದ. ಕಾಲು ಎಲ್ಲಿಡಬೇಕು, ಸೊಂಟ ಯಾವಾಗ ತಿರುಗಬೇಕು, ಕೈ ಯಾವಾಗ ಬಿಡಬೇಕು ಎಂದು ತೋರಿಸಿದ. ಹುಡುಗಿ ಬೇಗ ಕಲಿತಳು.

ಅಲ್ಲಿಂದ ವಾರಕ್ಕೆ ಹತ್ತು ಗುಂಡಿನಂತೆ ಮತ್ತೆ ಕಟ್ಟುತ್ತ ಹೋದ. ತೋಳು ಭಾರಕ್ಕೆ ಒಗ್ಗಲಿ, ನನ್ನ ಭುಜದಂತೆ ಅವಳದು ಸೋಲದಿರಲಿ ಎಂಬುದು ಅವನ ಆಸೆ. ನೋಯುತ್ತದೆಯೇ ಎಂದು ಪ್ರತಿ ಸಂಜೆ ತಪ್ಪದೆ ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದಳು. ಮುಂದಿನ ವಾರ ಇನ್ನೂ ಹತ್ತು ಗುಂಡು ಏರುತ್ತಿದ್ದವು. ಮಗಳನ್ನು ಹೊಳೆಗೆ ಬಿಡುತ್ತೀಯೋ ಕುಸ್ತಿಗೆ ಬಿಡುತ್ತೀಯೋ ಎಂದು ಓಣಿಯವರು ರೇಗಿಸಿದರೆ ಹೆಮ್ಮೆಯಿಂದ ನಗುತ್ತಿದ್ದ.

ಒಂದು ಬೆಳಿಗ್ಗೆ, ಹರಿದ ಬಲೆಯನ್ನು ಹೆಣೆಯುತ್ತ ಕೂತಿದ್ದ ತಾಯಿ ಅವನನ್ನು ಕರೆದಳು.

“ಎಂಟು ದಿನದಿಂದ ಅವಳು ಎಡಗೈಯಲ್ಲಿ ತಲೆ ಬಾಚ್ಕೊಳ್ತಿದಾಳೆ ಕಣಪ್ಪ. ಬೈತಲೆ ನೋಡು, ಹೊಳೆ ಹರಿದ ಹಾಗೆ ಸೊಟ್ಟಗಿದೆ.”

ಬೆಸ್ತ ಮಗಳನ್ನು ಕರೆದು ಬಲಗೈ ಮೇಲೆತ್ತಲು ಹೇಳಿದ. ಕೈ ಕಿವಿಯವರೆಗೂ ಬರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ನೋವು ಶುರುವಾಗಿ ಒಂದು ತಿಂಗಳಾಗಿತ್ತು. ಭುಜ ಏಳದ ದಿನ ಅವಳು ಬೆನ್ನು ಬಾಗಿಸಿ ಬೀಸುತ್ತಿದ್ದಳು. ಆಗಲೂ ಬಲೆ ದುಂಡಗೇ ಬಿಚ್ಚಿಕೊಳ್ಳುತ್ತಿತ್ತು. ಅವನು ಭೇಷ್ ಎಂದಿದ್ದ.

“ದಿನಾ ಕೇಳ್ತಿದ್ದೆನಲ್ಲವ್ವ. ಒಂದು ದಿನವಾದರೂ ಹೇಳಬಾರದಿತ್ತೇ?”

ಹುಡುಗಿ ನೆಲ ನೋಡುತ್ತ ಹೇಳಿದಳು. “ಅತ್ತೆಯ ಮಗ ಭುಜ ನೋಯ್ತದೆ ಅಂದಾಗ ನೀನು ಅವನದು ಬೆಣ್ಣೆ ಕೈ ಅಂತ ನಕ್ಕೆಯಲ್ಲಪ್ಪ. ಆಮೇಲೆ ಅವನನ್ನ ಹರಿಗೋಲು ಹತ್ತಿಸಲೇ ಇಲ್ಲ.”

ಬೆಸ್ತ ಅದನ್ನು ಮರೆತಿದ್ದ. ನೆನಪು ಮಾಡಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಒಳಗೆ ಹೋಗಿ ಚಾಕು ತಂದು, ಬಲೆಯ ಗುಂಡುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದ.

ಆ ಮಳೆಗಾಲವಿಡೀ ಮಗಳು ಬಲೆ ಮುಟ್ಟಲಿಲ್ಲ. ಬೆಸ್ತ ತಾನೇ ಆ ಚಿಕ್ಕ ಬಲೆಗೆ ಬೇಕಾದಷ್ಟು ಗುಂಡು ಕಟ್ಟಿಕೊಂಡು ಎಡಗೈಯಲ್ಲಿ ಬೀಸಿ, ಸಿಕ್ಕಷ್ಟು ಮೀನು ತಂದ. ಸಿಗದ ದಿನ ಮೂವರೂ ಅಂಬಲಿ ಕುಡಿದರು. ದೀಪಾವಳಿ ಕಳೆದ ಮೇಲೆ ಅವಳು ಹಗುರ ಬಲೆ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡಿದಳು. ಒಂದು ದಿನ ಬೀಸಿದರೆ ಒಂದು ದಿನ ಬಿಡುವು. ಭುಜ ಹಿಡಿಯಿತು ಎಂದಳೋ, ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಅಪ್ಪ ಮಗಳು ಇಬ್ಬರೂ ಮರಳಿನ ಮೇಲೆ ಕೂತು ಹೊಳೆ ನೋಡುತ್ತಿದ್ದರು. ತೋಳು ಬಲಿಯಲು ಎರಡು ವರ್ಷ ಬೇಕಾಯಿತು. ಬಲಿಯಿತು.

ಗುರುಗಳು ಕತೆ ನಿಲ್ಲಿಸಿದರು. ಪಾಲಾಕ್ಷ ತಲೆದೂಗಿದ. ನೂರು ಎಸೆತದ ಮಾತು ಬಿಟ್ಟೆ, ತೂಕದ ಚೆಂಡು ತರುವುದಿಲ್ಲ, ದಿನ ಬಿಟ್ಟು ದಿನ ಬಿಡುವು ಕೊಡುತ್ತೇನೆ ಎಂದ. ಇನ್ನು ಮುಂದೆ ಪ್ರತಿ ಸಂಜೆ ಒಂದೊಂದು ಮಗುವನ್ನೂ ಕರೆದು ನೋವಿದೆಯೇ ಎಂದು ಕೇಳುತ್ತೇನೆ ಎಂದೂ ಹೇಳಿದ.

“ಬೆಸ್ತನೂ ದಿನಾ ಕೇಳುತ್ತಿದ್ದ,” ಎಂದರು ಗುರುಗಳು. “ನೋಯುತ್ತದೆ ಎಂದ ಮಗುವಿಗೆ ನಿನ್ನ ಮೈದಾನದಲ್ಲಿ ಏನು ಸಿಗುತ್ತದೆ, ಅದನ್ನು ಹೇಳು.”