ನೇರಳೆ ಮರದಡಿಯ ಗಡಿಗೆ

ಹೊಳೆಯ ಆಚೆ ದಡದ ಊರಿನಲ್ಲಿ ಬೊಮ್ಮಯ್ಯ ಮಕ್ಕಳಿಗೆ ಪಾಠ ಹೇಳತೊಡಗಿ ಎರಡು ವರ್ಷವಾಗಿತ್ತು. ಕಳಿಸಿದವರು ಅವನ ಗುರುಗಳೇ.

ದಿನವೂ ಪಾಠ ಮುಗಿದ ಮೇಲೆ ಅವನು ದಡಕ್ಕೆ ಬಂದು, ಈಚೆಯ ಆಶ್ರಮದಿಂದ ಹೊಗೆ ಏಳುವುದನ್ನು ನೋಡುತ್ತ ನಿಲ್ಲುತ್ತಿದ್ದ. ಏಳು ವರ್ಷ ತಾನು ಕೂತಿದ್ದ ಜಾಗದಲ್ಲಿ ಈಗ ಯಾರು ಕೂರುತ್ತಾರೋ ಎಂದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಹರಿಗೋಲು ಹತ್ತಿದ.

ಆಶ್ರಮದ ಮಕ್ಕಳು ಸ್ನಾನಕ್ಕೆ ಹೋಗಿದ್ದರು. ಗುರುಗಳು ಜಗಲಿಯಲ್ಲಿ ಒಬ್ಬರೇ ಕೂತು ಕಡಲೆಯಲ್ಲಿನ ಕಲ್ಲು ಆರಿಸುತ್ತಿದ್ದರು. ಗಂಟು ನೋಡಿದರು.

“ಏನೋ ಬೊಮ್ಮಾ, ಮಕ್ಕಳು ಓಡಿಸಿದರೇನೋ?”

“ನಾನೇ ಬಂದೆ. ನನ್ನ ಹಳೆಯ ಜಾಗ ಕೊಡಿ, ಗುರುಗಳೇ. ಕಲಿಸುವುದು ನನ್ನಿಂದಾಗದು.”

“ಏನಾಯಿತು?”

“ನೀವು ಹೇಳಿದಂತೆಯೇ ಪಾಠ ಹೇಳುತ್ತೇನೆ. ನೀವು ಕೇಳಿದ ಪ್ರಶ್ನೆಗಳನ್ನೇ ಕೇಳುತ್ತೇನೆ. ಒಬ್ಬರೂ ಬಾಯಿ ಬಿಡುವುದಿಲ್ಲ.”

“ಆಗ ಏನು ಮಾಡುತ್ತೀಯ?”

“ನಾನೇ ಉತ್ತರ ಹೇಳಿಬಿಡುತ್ತೇನೆ. ಆ ಮೌನ ತಡೆಯಲಾಗುವುದಿಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ದಿನ ಅಂಬಿಗರ ಹುಡುಗಿ ತುಟಿ ಬಿಚ್ಚಿದಳು.” ಬೊಮ್ಮಯ್ಯ ತಲೆ ತಗ್ಗಿಸಿದ. “ಖುಷಿ ತಾಳಲಾರದೆ ಅವತ್ತೂ ನಾನೇ ಹೇಳಿಬಿಟ್ಟೆ.”

ಗುರುಗಳು ನಕ್ಕರು. ಆಮೇಲೆ ಕೇಳಿದರು:

“ತುಂಬಿದ ಗಡಿಗೆ ಹೊಳೆಯೊಳಗೆ ಇರುವಾಗ ಹಗುರ. ಮೇಲೆತ್ತಿದೊಡನೆ ಭಾರ. ಯಾಕೆ?”

ಬೊಮ್ಮಯ್ಯ ಗಂಟನ್ನು ಜಗಲಿಯ ಮೇಲಿಟ್ಟ.

“ಗಂಟಲು ಒಣಗಿತು,” ಎನ್ನುತ್ತ ಗುರುಗಳು ಕೋಲು ಊರಿ ಎದ್ದು, ಅಂಗಳದ ತುದಿಯ ನೇರಳೆ ಮರದತ್ತ ನಡೆದರು. ಕುಡಿಯುವ ನೀರಿನ ಗಡಿಗೆ ಈಗಲೂ ಅಲ್ಲೇ ಇತ್ತು.

ಪ್ರಶ್ನೆ ಕೇಳಿದಾಗಲೆಲ್ಲ ಗುರುಗಳಿಗೆ ಹೀಗೇ ಬಾಯಾರುತ್ತಿತ್ತು. ವಯಸ್ಸಾದವರು ಅಷ್ಟು ದೂರ ನಡೆಯುವುದು ಕಂಡು ಮರುಗಿ, ಇಲ್ಲಿ ಕಲಿಯುತ್ತಿದ್ದಾಗ ಬೊಮ್ಮಯ್ಯ ದಿನಾ ಸಂಜೆ ಗಡಿಗೆಯನ್ನು ಜಗಲಿಗೆ ತಂದಿಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಮರದಡಿ ಇರುತ್ತಿತ್ತು. ಅದಕ್ಕಾಗಿ ಜೊತೆಯವರೊಡನೆ ಜಗಳ ಆಡಿದ್ದೂ ಉಂಟು.

ಗುರುಗಳು ಮರದ ಹಿಂದೆ ಮರೆಯಾದರು. ಬಹಳ ಹೊತ್ತು ಬರಲಿಲ್ಲ.

ಬೊಮ್ಮಯ್ಯ ಹೊಳೆ ನೋಡುತ್ತ ಕೂತ. ಬರಿಗೈಯಲ್ಲೇ ಗಡಿಗೆ ಮುಳುಗಿಸಿದಂತೆ, ಎತ್ತಿದಂತೆ ಮಾಡಿ ನೋಡಿದ.

“ಗುರುಗಳೇ!” ಎಂದು ಕೂಗಿದ. “ಒಳಗಿರುವಾಗ ಹೊಳೆಯೂ ಹೊರುತ್ತಿರುತ್ತದೆ!”

ಆಗ ಗುರುಗಳು ಬಂದರು. ಅವರ ತುಟಿ ಒಣಗಿಯೇ ಇತ್ತು.

ಬೊಮ್ಮಯ್ಯ ಆ ತುಟಿಗಳನ್ನೇ ನೋಡಿದ. “ಗಡಿಗೆಯನ್ನು ಮರದಡಿಗೆ ಒಯ್ಯುತ್ತಿದ್ದವರು ನೀವೇ.”

“ಮತ್ತೆ? ನೀನು ಬಿಟ್ಟರೆ ತಾನೆ! ದಿನಾ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು.”

ಬೊಮ್ಮಯ್ಯನಿಗೆ ನಗು ಬಂತು. ಕಣ್ಣೂ ತುಂಬಿತು.

“ಅಲ್ಲಿ ನಿಂತು ಏನು ಮಾಡುತ್ತಿದ್ದಿರಿ?”

“ಯಾರಾದರೂ ಕರೆಯುತ್ತಾರೇನೋ ಎಂದು ಕಿವಿಗೊಟ್ಟಿರುತ್ತಿದ್ದೆ.”

ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು. ಬೊಮ್ಮಯ್ಯ ಗಂಟು ಎತ್ತಿಕೊಂಡ. ಜಗಲಿಯ ಕಂಬದ ಬಳಿ ತಾನು ಕೂರುತ್ತಿದ್ದ ಜಾಗವನ್ನೊಮ್ಮೆ ನೋಡಿದ.

“ಆ ಹುಡುಗಿ ಇನ್ನು ಬಾಯಿ ಬಿಡದೇ ಹೋದರೆ? ಎಷ್ಟು ದಿನ ಕಾಯಲಿ, ಗುರುಗಳೇ?”

ಗುರುಗಳೂ ಆ ಜಾಗವನ್ನೇ ನೋಡುತ್ತಿದ್ದರು.

“ನಿನ್ನ ದನಿ ನನಗೆ ಕೇಳಿಸಿದ್ದು ನಾಲ್ಕನೆಯ ವರ್ಷ.”