ಇಗ್ವಾನಾದ ನೆತ್ತಿಗೆ ಕಣ್ಣು ಬಂದದ್ದು

ಆಗ ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಮರ ಹತ್ತಿ ಕೈ ಚಾಚಿದರೆ ಆಕಾಶದ ನೀಲಿ ಬೆರಳಿಗೆ ಅಂಟುತ್ತಿತ್ತು. ಯಾವ ಕಡೆ ಹರಿಯಬೇಕು ಅನ್ನುವುದು ನದಿಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಅತ್ತ ಹರಿದು, ಸಂಜೆ ಇತ್ತ ಹರಿದು, ಬೆಟ್ಟಗಳ ಕೈಲಿ ಬೈಸಿಕೊಳ್ಳುತ್ತಿದ್ದವು. ಸಮುದ್ರ ನಡುವೆ ನುಗ್ಗಿ ನೆಲವನ್ನು ತುಂಡು ಮಾಡಿರಲಿಲ್ಲ. ಎಲ್ಲ ದೇಶವೂ ಒಂದೇ ಅಂಗಳ. ಯಾವ ಪ್ರಾಣಿ ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದಿತ್ತು.

ಯಾರು ಏನು ತಿನ್ನಬೇಕು ಅನ್ನುವುದೂ ಆಗ ಇತ್ಯರ್ಥವಾಗಿರಲಿಲ್ಲ. ಹುಲಿ ಒಮ್ಮೆ ಗೆಣಸು ಕಚ್ಚಿ ನೋಡಿ ಥೂ ಅಂತ ಉಗಿಯಿತು. ಹಸು ಒಮ್ಮೆ ಮೀನು ಮೂಸಿ, ಸಂಜೆಯವರೆಗೂ ಮುಖ ಸೊಟ್ಟಗೆ ಮಾಡಿಕೊಂಡು ತಿರುಗಿತು. ಎಲ್ಲರೂ ತಪ್ಪು ತಿಂದೇ ಸರಿ ಕಲಿತದ್ದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆ ಕಾಲದಲ್ಲಿ ಹೊಂಬಾಳವ್ವ ಅಂತ ಒಬ್ಬಳಿದ್ದಳು. ಲೋಕದಲ್ಲಿ ಮೊಟ್ಟಮೊದಲು ಮನೆ ಅಂತ ಕಟ್ಟಿದವಳು ಅವಳೇ. ಕಲ್ಲಿನ ಗೋಡೆ, ಮರದ ಬಾಗಿಲು, ಮೂಲೆಯಲ್ಲಿ ಒಲೆ. ಕಿಟಕಿಗೆ ಕಾಗೆಬಂಗಾರ. ಗೊತ್ತಲ್ಲ, ಬಂಡೆಯಿಂದ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದುಬರುವ ಹೊಳೆಯುವ ಕಲ್ಲು, ಅದರ ಆಚೆ ಇರುವುದೆಲ್ಲ ಕಾಣುತ್ತದೆ. ಆ ಹಾಳೆಗಳನ್ನು ಒಂದಕ್ಕೊಂದು ಜೋಡಿಸಿ ಕಿಟಕಿ ಮುಚ್ಚಿದ್ದಳು.

"ಗಾಳಿ ಬರಂಗಿಲ್ಲ, ಧೂಳು ಬರಂಗಿಲ್ಲ, ಬರೀ ಬೆಳಕು ಬರಬೇಕು. ಹೆಂಗೈತೆ ನನ್ನ ಕಿಟಕಿ?" ಅಂತ ದಾರಿಯಲ್ಲಿ ಹೋಗುವ ಮೋಡವನ್ನೂ ನಿಲ್ಲಿಸಿ ಕೇಳುತ್ತಿದ್ದಳು. ಮನೆ ತುಂಬ ಬೆಳಕಿತ್ತು. ಮಡಿಲು ಮಾತ್ರ ಖಾಲಿ ಇತ್ತು, ಪಾಪ.

ಒಂದು ದಿನ ನೀರಿಗೆ ಹೋದಾಗ ಹೊಳೆದಂಡೆಯ ಕೊಂಬೆಯ ಮೇಲೆ ಒಂದು ಮರಿ ಕಂಡಳು. ಎಳೆ ಬಾಳೆಎಲೆಯ ಬಣ್ಣ. ಮೈಗಿಂತ ಬಾಲವೇ ಉದ್ದ. ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳು. ಇಗ್ವಾನಾ ಜಾತಿಯದು. ನಮ್ಮ ಬೇಲಿಯ ಮೇಲೆ ಕೂರುವ ಓತಿಕ್ಯಾತನಿಗೆ ದೂರದ ದೊಡ್ಡಪ್ಪನ ಮಗಳು ಅಂದುಕೊಳ್ಳಿ. ಹೆಸರು ಪಚ್ಚೆ.

"ಅಯ್ಯೋ ನನ್ನ ಕಂದಾ! ಈ ಉರಿಬಿಸಿಲಲ್ಲಿ ನಿನ್ನ ಯಾರವ್ವ ಬಿಟ್ಟೋದೋರು?"

"ಯಾರೂ ಬಿಟ್ಟೋಗಿಲ್ಲ," ಅಂದಿತು ಪಚ್ಚೆ. "ನಾನೇ ಬಂದು ಕೂತಿದೀನಿ."

ಹೊಂಬಾಳವ್ವ ಕೇಳಿಸಿಕೊಳ್ಳಲೇ ಇಲ್ಲ. ಮಕ್ಕಳು ಹೇಳಿದ್ದು ದೊಡ್ಡವರ ಕಿವಿಗೆ ಬೀಳದೆ ಇರುವುದು ಆವತ್ತಿನಿಂದಲೇ ಶುರುವಾಗಿರಬೇಕು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೇಬಿಟ್ಟಳು.

ಪಚ್ಚೆಗೆ ಅವಳ ಮೇಲೆ ಸಿಟ್ಟು ಬಂತಾ? ಬರಲಿಲ್ಲ, ಅದನ್ನೂ ಹೇಳಿಬಿಡಬೇಕು. ಅವಳ ಮಡಿಲು ಮೆತ್ತಗಿತ್ತು. ರಾಗಿ ಬೀಸುವಾಗ ಅವಳು ಗುನುಗುವುದನ್ನು ಕೇಳುತ್ತಾ ಪಚ್ಚೆಗೆ ಕಣ್ಣು ಎಳೆಯುತ್ತಿತ್ತು. ಒಂದು ದಿನ ಬಾಯಿತಪ್ಪಿ "ಅವ್ವಾ" ಅಂತಲೂ ಕರೆದುಬಿಟ್ಟಿತು. ಅದನ್ನು ಕೇಳಿದ ಹೊಂಬಾಳವ್ವ ಬೀಸುವ ಕಲ್ಲು ಬಿಟ್ಟು ಅಂಗಳಕ್ಕೆ ಓಡಿಹೋಗಿ, ಹೊಳೆಗೆಲ್ಲ ಕೇಳುವ ಹಾಗೆ ಹೇಳಿ ಬಂದಳು.

ತೊಂದರೆ ಶುರುವಾದದ್ದು ಊಟದ ಹೊತ್ತಿಗೆ.

ಹೊಂಬಾಳವ್ವ ಬಾಡಿನ ಸಾರು ಮಾಡಿದಳು. ಮೊಟ್ಟೆ ಬೇಯಿಸಿದಳು. ಹಾಲು ಕಾಯಿಸಿದಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಪಚ್ಚೆಯ ಬಾಯಿಯ ಹತ್ತಿರ ಹಿಡಿದಳು.

"ಬೇಡ ಅವ್ವಾ. ನನಗೆ ಎಲೆ ಬೇಕು, ಹೂವು ಬೇಕು. ಅದಕ್ಕೂ ಮುಂಚೆ ಬಿಸಿಲು ಬೇಕು."

"ಎಲೆ ತಿನ್ನಕ್ಕೆ ನೀನೇನು ಮೇಕೇನಾ? ನಾನು ತಿನ್ನೋದನ್ನೇ ನನ್ನ ಮಗಳು ತಿನ್ನಬೇಕು. ಬಿಸಿಲಿಗೆ ಹೋದ್ರೆ ಕರ್ರಗಾಗ್ತೀಯ. ಇಷ್ಟು ಚೆಂದದ ಹಸಿರು ಮೈನ ಹಾಳು ಮಾಡ್ಕೋತೀಯ?"

ಅವ್ವನ ಮುಖ ನೋಡಿ ಪಚ್ಚೆ ಒಂದು ತುತ್ತು ನುಂಗಿತು. ಮಾರನೆಯ ದಿನವೂ ಒಂದು ನುಂಗಿತು. ಹೊಟ್ಟೆಯಲ್ಲಿ ಅದು ಕಲ್ಲಾಗಿ ಕೂತಿತು. ಇಗ್ವಾನಾದ ಹೊಟ್ಟೆಯ ಒಲೆಯನ್ನು ಸೂರ್ಯನೇ ಹಚ್ಚಬೇಕು, ಬೇರೆಯವರ ಕೈಗೆ ಅದು ಹತ್ತುವುದಿಲ್ಲ. ಒಲೆಯೇ ಹತ್ತದಿದ್ದರೆ ಅಡುಗೆ ಬೇಯುವುದು ಎಲ್ಲಿಂದ ಬಂತು?

ಹೀಗೇ ದಿನ ಕಳೆಯಿತು. ಪಚ್ಚೆ ಉದ್ದವಾಯಿತು, ಆದರೆ ಗಟ್ಟಿಯಾಗಲಿಲ್ಲ. ಹಿಂಗಾಲು ನಡುಗತೊಡಗಿದವು. ದವಡೆ ಊದಿತು. ಒಂದು ದಿನ ಒನಕೆ ಹತ್ತಲು ಹೋಗಿ ದೊಪ್ಪನೆ ಬಿದ್ದಿತು. ಮುಂಗಾಲು ಒತ್ತಿ ನೋಡಿಕೊಂಡರೆ ಎಲುಬು ಹಸಿಕಡ್ಡಿಯ ಹಾಗೆ ಬಾಗಿತು. ಮರ ಹತ್ತಲಾಗದ ಇಗ್ವಾನಾ ಬದುಕುವುದಿಲ್ಲ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಪಚ್ಚೆಗೆ ಅದು ಹುಟ್ಟಿನಿಂದಲೇ ಗೊತ್ತಿತ್ತು.

"ಅವ್ವಾ, ನನಗೆ ಸೂರ್ಯ ಬೇಕು," ಅಂದಿತು.

ಒಲೆಯಲ್ಲಿದ್ದ ಬೆಂಕಿ ಕತ್ತು ಎತ್ತಿತು. "ಸೂರ್ಯ ಯಾಕೆ? ನಾನು ಅವನ ಖಾಸಾ ತಮ್ಮ. ಅವನು ಕೊಡೋದೆಲ್ಲ ನಾನೂ ಕೊಡ್ತೀನಿ. ಬಾ, ಹತ್ರ ಬಾ."

ಹೊಂಬಾಳವ್ವ ಪಚ್ಚೆಯನ್ನು ಒಲೆಯ ಮುಂದೆ ಮಲಗಿಸಿದಳು. ಮೈ ಬೆಚ್ಚಗಾಯಿತು. ಕಾಲು ಬೆಚ್ಚಗಾಯಿತು. ಎಲುಬು ಮಾತ್ರ ಹಾಗೇ ಮೆತ್ತಗಿತ್ತು.

"ಶಾಖ ಕೊಟ್ಟೆ, ನಿನಗೆ ದೊಡ್ಡ ನಮಸ್ಕಾರ," ಅಂದಿತು ಪಚ್ಚೆ. "ಆದ್ರೆ ನೀನು ಸೂರ್ಯ ಅಲ್ಲ."

ಬೆಂಕಿಗೆ ಸಿಟ್ಟು ಬಂದು ಚಟಪಟ ಕಿಡಿ ಹಾರಿಸಿತು. ಪಚ್ಚೆ ಜಾಗ ಬಿಟ್ಟು ಕದಲಲಿಲ್ಲ. "ಎಷ್ಟು ಹಾರಿಸ್ತೀಯೋ ಹಾರಿಸು. ಅಲ್ಲ ಅಂದ್ರೆ ಅಲ್ಲ."

ಹೊಂಬಾಳವ್ವ ಅದನ್ನು ಎತ್ತಿಕೊಂಡು ಹೋಗಿ ಕಿಟಕಿಯ ಕೆಳಗೆ ಮಲಗಿಸಿದಳು. ಕಾಗೆಬಂಗಾರದಿಂದ ಬೆಳಕು ಧಾರಾಳವಾಗಿ ಸುರಿಯುತ್ತಿತ್ತು. "ಈಗ ಸರಿಯಾಯ್ತಾ? ಬೆನ್ನ ಮೇಲೇ ಬಿದ್ದೈತಲ್ಲ ಬಿಸಿಲು. ಇನ್ನೇನು ಬೇಕು ನಿನಗೆ?"

ಪಚ್ಚೆ ಅಲ್ಲಿ ದಿನವಿಡೀ ಮಲಗಿತು. ಮಾರನೆಯ ದಿನವೂ ಮಲಗಿತು. ಎಲುಬು ಇನ್ನಷ್ಟು ಮೆತ್ತಗಾಯಿತು.

"ಅವ್ವಾ, ಇದೂ ಸೂರ್ಯ ಅಲ್ಲ."

"ಹುಚ್ಚು ಹಿಡೀತೇನೇ ನಿನಗೆ? ಕಣ್ಣೆದುರಿಗೆ ಐತೆ, ಅಲ್ಲ ಅಂತೀಯಲ್ಲ!"

ಪಚ್ಚೆ ಕಣ್ಣು ಅಗಲಿಸಿ ನೋಡಿತು. ಅದೂ ನಿಜವೇ, ಬೆಳಕು ಫಳಫಳ ಅನ್ನುತ್ತಿದೆ. ಕಣ್ಣು ಇದೆ ಅನ್ನುತ್ತದೆ, ಎಲುಬು ಇಲ್ಲ ಅನ್ನುತ್ತದೆ. ಯಾರ ಮಾತು ನಂಬುವುದು? ಒಂದು ಗಳಿಗೆ ಅದಕ್ಕೆ ತನ್ನ ಮೇಲೇ ಅನುಮಾನ ಬಂತು. ಅಳುವೇ ಬಂತು.

ಆಗ ಬಾಗಿಲ ಸಂದಿಯಿಂದ ಗಾಳಿ ಪಿಸುಗುಟ್ಟಿತು. "ಲೇ ಪಚ್ಚೆ, ನೀನು ಹೇಳ್ತಿರೋದೇ ಸರಿ ಕಣೆ. ನಾನು ಆಚೆಯಿಂದ ದಿನಾ ನೋಡ್ತೀನಲ್ಲ. ಬಿಸಿಲಿನೊಳಗೆ ಕಣ್ಣಿಗೆ ಕಾಣದ ಒಂದು ಎಳೆ ಐತೆ. ಎಲುಬು ಗಟ್ಟಿ ಮಾಡೋದು ಅದೇ. ಕಾಗೆಬಂಗಾರ ಕಂಡ ಕೂಡ್ಲೇ ಅದು ಮೂತಿ ತಿರುಗಿಸಿಕೊಂಡು ವಾಪಸ್ ಹೋಗುತ್ತೆ. ಒಳಗೆ ಬರೋದು ಬರೀ ಥಳುಕು."

ಅಷ್ಟು ಸಾಕಾಯಿತು. ಪಚ್ಚೆ ಬಾಯಿ ಮುಚ್ಚಿತು. ಸೂರ್ಯನನ್ನು ಕಾಣುವವರೆಗೂ ಈ ಮನೆಯ ತುತ್ತಿಗೆ ಬಾಯಿ ತೆಗೆಯುವುದಿಲ್ಲ ಅಂತ ಹಟ ಹಿಡಿಯಿತು.

ಹೊಂಬಾಳವ್ವ ಮುದ್ದು ಮಾಡಿದಳು. ಬಾಯಿ ತೆಗೆಯಲಿಲ್ಲ. ಗದರಿದಳು. ತೆಗೆಯಲಿಲ್ಲ. ಆಣೆ ಇಟ್ಟಳು, ಮುನಿಸಿಕೊಂಡಳು, ಗೋಡೆಗೆ ಮುಖ ಮಾಡಿ ಕೂತಳು. ಊಹೂಂ. ಕೊನೆಗೆ ಎರಡು ಬೆರಳಿನಿಂದ ದವಡೆ ಬಿಡಿಸಿ ತುರುಕಲು ಹೋದಳು. ದವಡೆ ಅವಳ ಬೆರಳಿನಡಿ ನಾದಿದ ಹಿಟ್ಟಿನ ಹಾಗೆ ಒತ್ತಿಕೊಂಡಿತು. ಹೊಂಬಾಳವ್ವ ಬೆಚ್ಚಿಬಿದ್ದು ಕೈ ತೆಗೆದಳು.

"ನನ್ನ ಮನೇಲಿ ನಿನಗೇನು ಕಮ್ಮಿ ಮಾಡಿದೀನೇ?" ಅಂತ ಗೊಳೋ ಅಂತ ಅತ್ತಳು.

ಪಚ್ಚೆ ಅವಳ ಮಡಿಲಿಗೆ ಗಲ್ಲ ಊರಿತು. ಆದರೂ ಬಾಯಿ ತೆಗೆಯಲಿಲ್ಲ.

ಮಾರನೆಯ ಮಧ್ಯಾಹ್ನ ಹೊಂಬಾಳವ್ವ ಬಿಂದಿಗೆ ಎತ್ತಿಕೊಂಡು ಹೊಳೆಗೆ ಹೋದಳು. ಗಾಳಿ ಹೊರಗಿನಿಂದ ಬಾಗಿಲಿಗೆ ಹೆಗಲು ಕೊಟ್ಟು ನೂಕಿತು. ಬಾಗಿಲು ಒಂದಿಷ್ಟು ತೆರೆದುಕೊಂಡಿತು.

ಪಚ್ಚೆ ಹೊಟ್ಟೆ ಎಳೆದುಕೊಂಡು ಹೊರಟಿತು. ಹಿಂಗಾಲು ಮಾತು ಕೇಳಲಿಲ್ಲ, ಮುಂಗಾಲು ಬಾಗುತ್ತಿತ್ತು. ಗಲ್ಲವನ್ನು ನೆಲಕ್ಕೆ ಊರಿ ಊರಿ ಮುಂದೆ ಸರಿಯಿತು.

"ಹೋಗಬೇಡವೇ!" ಅಂತ ಬೆಂಕಿ ಕೂಗಿತು. ಎಷ್ಟೆಂದರೂ ಒಂದೇ ಮನೆಯಲ್ಲಿ ಇದ್ದವರು. "ಮೇಲೆ ಹದ್ದು ಸುತ್ತುತ್ತಾ ಐತೆ, ಎತ್ಕೊಂಡು ಹೋಗಿಬಿಡುತ್ತೆ!"

"ಹೋಗ್ಲಿ," ಅಂದಿತು ಪಚ್ಚೆ. "ಬಿಸಿಲಲ್ಲಿ ಬೇಕಾದ್ರೆ ಸಾಯ್ತೀನಿ. ನೆರಳಲ್ಲಿ ಮೆತ್ತಗಾಗಿ ಸಾಯಲ್ಲ."

ಹೊಸಿಲು ದಾಟಿತು. ಅಂಗಳದ ಹಾಸುಬಂಡೆಯ ಮೇಲೆ ಬೋರಲು ಬಿದ್ದಿತು. ತಲೆ ಎತ್ತಲು ನೋಡಿತು, ಆಗಲಿಲ್ಲ.

ಸೂರ್ಯ ನಡುನೆತ್ತಿಯಲ್ಲಿದ್ದ. ಆಗಿನ್ನೂ ಹೊಸ ಸೂರ್ಯ, ಗತ್ತು ಜಾಸ್ತಿ. "ಯಾರದು, ನನ್ನೆದುರಿಗೆ ಮುಖ ಕೆಳಗೆ ಹಾಕ್ಕೊಂಡು ಬಿದ್ದಿರೋದು? ತಲೆ ಎತ್ತು!"

"ಎತ್ತಕ್ಕಾಗಲ್ಲ. ಮಾತಾಡೋದಿದ್ರೆ ನನ್ನ ನೆತ್ತಿ ಜೊತೆ ಮಾತಾಡು."

ಮೋಡಗಳು ಹೌಹಾರಿದವು. ಸೂರ್ಯನಿಗೆ ಹಾಗೆ ಉತ್ತರ ಕೊಟ್ಟವರು ಆವರೆಗೆ ಯಾರೂ ಇರಲಿಲ್ಲ.

"ನಾನು ದಿನಾ ನಿನ್ನ ಮನೆಗೆ ಬರ್ತಿದ್ನಲ್ಲ," ಅಂದ ಸೂರ್ಯ. "ಕಿಟಕಿಯಿಂದ ಬಂದು ಬೆನ್ನ ಮೇಲೇ ಕೂರ್ತಿದ್ದೆ. ಇನ್ನೇನು ದೂರು?"

"ನೀನೆಲ್ಲಿ ಬಂದೆ? ನಿನ್ನ ಥಳುಕು ಬಂತು. ಎಲುಬಿಗೆ ಬೇಕಾಗಿದ್ದನ್ನ ಕಿಟಕಿ ಆಚೆನೇ ಬಿಟ್ಟು ಬಂದೆ. ಇಡೀ ಲೋಕಕ್ಕೆ ದೊಡ್ಡವನು ನೀನು, ನಿನ್ನ ಬೆಳಕು ಎಲ್ಲಿ ನಿಂತೋಯ್ತು ಅಂತ ನಿನಗೇ ಗೊತ್ತಿಲ್ವಲ್ಲ!"

ಸೂರ್ಯ ಕೆಂಪಾದ. ಬಗ್ಗಿ ಕಿಟಕಿ ನೋಡಿದ. ಕಾಗೆಬಂಗಾರದ ಈಚೆ, ಒಳಗೆ ಹೋಗಲಾರದೆ ನಿಂತಿದ್ದ ತನ್ನದೇ ಎಳೆಗಳನ್ನು ಕಂಡ.

ಅಷ್ಟರಲ್ಲಿ ಹೊಂಬಾಳವ್ವ ಬಂದಳು. ಬಂಡೆಯ ಮೇಲೆ ಮಗಳು, ಮೇಲೆ ಹದ್ದು. ಬಿಂದಿಗೆ ಅಲ್ಲೇ ಬಿಸಾಕಿ ಓಡಿಬಂದು, ಸೆರಗು ಹರಡಿ ಪಚ್ಚೆಯ ಮೇಲೆ ಬಗ್ಗಿದಳು. ಅವಳ ನೆರಳು ಪಚ್ಚೆಯ ಮೈತುಂಬ ಬಿದ್ದಿತು.

"ಅವ್ವಾ, ನಿನ್ನ ನೆರಳು ತೆಗಿ."

"ಒಳಗೆ ನಡಿಯೇ ನನ್ನವ್ವಾ. ಕರ್ರಗಾಗ್ತೀಯ. ಹದ್ದು ಎತ್ಕೊಂಡು ಹೋಗುತ್ತೆ."

"ಕರ್ರಗಾದ್ರೆ ಆಗ್ತೀನಿ, ಗಟ್ಟಿಯಾಗಿರ್ತೀನಿ. ನಿನ್ನ ಮಡಿಲು ಬೇಕು ನನಗೆ. ನಿನ್ನ ಸಾರು ಬೇಡ, ನಿನ್ನ ಕಿಟಕಿ ಬೇಡ. ನಾನು ನಿನ್ನ ಹಾಗಲ್ಲ ಅವ್ವಾ, ಆಗೋದೂ ಇಲ್ಲ. ನೆರಳು ತೆಗಿ."

ಹೊಂಬಾಳವ್ವ ಎತ್ತಿಕೊಳ್ಳಲೆಂದು ಕೈ ಚಾಚಿದ್ದಳು. ಚಾಚಿದ ಕೈ ಹಾಗೇ ನಿಂತಿತು. ಆವತ್ತೇ ಮೊದಲು ಅವಳು ಮಗಳ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು. ನಿಧಾನವಾಗಿ ಪಕ್ಕಕ್ಕೆ ಸರಿದಳು. ಅಂಗಳದಲ್ಲಿದ್ದ ಪೊರಕೆ ಎತ್ತಿಕೊಂಡು ಹದ್ದಿನ ಕಡೆ ತಿರುಗಿದಳು.

"ಬಾರೋ, ಧೈರ್ಯ ಇದ್ರೆ ಇಳಿಯೋ ಕೆಳಕ್ಕೆ!"

ಹದ್ದು ಪೊರಕೆ ನೋಡಿತು, ಅವಳ ಮುಖ ನೋಡಿತು, ಬೇರೆ ಕೆಲಸವಿದೆ ಅನ್ನುವ ಹಾಗೆ ದೂರ ಹಾರಿತು.

ಆಗ ಸೂರ್ಯ ಕೆಳಗೆ ಬಾಗಿ, ಪಚ್ಚೆಯ ನೆತ್ತಿಯ ಮೇಲೆ ತನ್ನ ಕಿರುಬೆರಳು ಇಟ್ಟ. "ನೆತ್ತಿ ಜೊತೆ ಮಾತಾಡು ಅಂದೆಯಲ್ಲ, ತಗೋ, ಅಲ್ಲೇ ಒಂದು ಕಣ್ಣು ಕೊಟ್ಟಿದೀನಿ. ಇದಕ್ಕೆ ಹೂವು ಹಣ್ಣು ಏನೂ ಕಾಣಲ್ಲ. ಬೆಳಕು ಮಾತ್ರ ಕಾಣುತ್ತೆ. ಬೆಂಕಿ ಯಾವುದು, ಥಳುಕು ಯಾವುದು, ನಾನು ಯಾವುದು, ಇದು ಹೇಳುತ್ತೆ. ಮೇಲಿಂದ ಹದ್ದಿನ ನೆರಳು ಬಿದ್ರೂ ಹೇಳುತ್ತೆ. ಇನ್ನು ನಿನ್ನನ್ನ ಯಾರೂ ಯಾಮಾರಿಸಕ್ಕಾಗಲ್ಲ, ನಾನೂ ಸೇರಿ."

ಬಿಸಿಲು ಬೆನ್ನಿನಿಂದ ಒಳಗಿಳಿಯಿತು. ಎಲುಬು ಎಲುಬಿಗೂ ಹೋಗಿ ಬಾಗಿಲು ತಟ್ಟಿತು. ಪಚ್ಚೆಯ ಮೈ ನಿಜವಾಗಿಯೂ ಕಪ್ಪಾಯಿತು, ಆಮೇಲೆ ಬೆಚ್ಚಗಾಗುತ್ತಾ ತಾನಾಗಿಯೇ ಹಸಿರಿಗೆ ತಿರುಗಿತು. ಹೊಂಬಾಳವ್ವ ಬಾಯಿ ಬಿಟ್ಟುಕೊಂಡು ನೋಡಿದಳು. ಹೊಟ್ಟೆಯ ಒಲೆ ಹತ್ತಿಕೊಂಡಿತು.

"ಅವ್ವಾ," ಅಂದಿತು ಪಚ್ಚೆ, "ಈಗ ಹಸಿವಾಗ್ತಿದೆ."

ಹೊಂಬಾಳವ್ವ ಒಲೆಯ ಕಡೆ ಓಡಲು ಹೊರಟವಳು ನಿಂತಳು. ತಿರುಗಿ ಬಂದಳು. "ಏನು ಬೇಕು, ನೀನೇ ಹೇಳು ಮಗಳೇ," ಅಂತ ಕೇಳಿದಳು. ಬೇಲಿಯಿಂದ ದಾಸವಾಳದ ಹೂವು ತಂದಳು, ನುಗ್ಗೆಸೊಪ್ಪು ಕಿತ್ತು ತಂದಳು. ಪಚ್ಚೆ ಮೆತ್ತನೆಯ ದವಡೆಯಲ್ಲಿ ಎಸಳೆಸಳಾಗಿ ತಿಂದಿತು. ಅವಳು ಕಣ್ಣೀರು ಒರೆಸಿಕೊಳ್ಳುತ್ತಾ, ತನ್ನ ನೆರಳು ಬೀಳದ ಹಾಗೆ ಒಂದು ಪಕ್ಕಕ್ಕೆ ಕೂತು ನೋಡಿದಳು.

ಕಿಟಕಿಯ ಕಾಗೆಬಂಗಾರವನ್ನು ಆ ಸಂಜೆಯೇ ಕಿತ್ತು ಹಾಕಿದಳು. ಧೂಳು ಬಂತು, ಬರಲಿ ಅಂದಳು. ಎಲುಬು ಗಟ್ಟಿಯಾಗಲು ಬಹಳ ಕಾಲ ಹಿಡಿಯಿತು, ಒಂದು ಕಾಲು ಕೊನೆಯವರೆಗೂ ಸ್ವಲ್ಪ ಸೊಟ್ಟಗೇ ಉಳಿಯಿತು. ಆದರೂ ಪಚ್ಚೆ ಮರ ಹತ್ತಿತು. ತುದಿಯವರೆಗೂ ಹತ್ತಿತು. ಕತ್ತಲಾಗುವ ಮೊದಲು ತಾನಾಗಿಯೇ ಇಳಿದು ಅವ್ವನ ಮಡಿಲಿಗೆ ಬಂದಿತು.

ಅದಕ್ಕೇ ಇವತ್ತಿಗೂ ಮನೆಗೆ ತಂದ ಇಗ್ವಾನಾದ ನೆತ್ತಿಯ ಮೇಲೆ ಬೆರಳೂರಿದಂಥ ಒಂದು ಮಸುಕು ಚುಕ್ಕೆ ಕಾಣುತ್ತದೆ, ಅದಕ್ಕೇ ಗಾಜಿನ ಹಿಂದೆ ಕೂರಿಸಿ ನೀವು ಎಷ್ಟು ಪ್ರೀತಿಯಿಂದ ತುತ್ತು ಹಿಡಿದರೂ ಅದು ಬಾಯಿ ಬಿಗಿದು, ಆ ಚುಕ್ಕೆಯನ್ನು ಆಕಾಶಕ್ಕೆ ತಿರುಗಿಸಿ, ಮೊದಲು ನಿಜವಾದ ಸೂರ್ಯನನ್ನು ತನ್ನಿ ಅಂತ ಕಾಯುತ್ತದೆ.